59 ಪರ್ಸೆಂಟ್ ಆಯುಧ ಮಾಯ ಅಂತ ಮೆಸೇಜ್ ಬಂದಿದೆ. ಲೆಕ್ಕ ಸಿಗದಿರುವುದು ಬೇರೆ, ಕಳವು ಬೇರೆ ಅಲ್ವಾ?

ಕಿರ್ದಿ ಖತಾವಣಿ, ಗದಗ

ನಿನ್ನೆ ರಾತ್ರಿ ನಮ್ಮ ಓಣಿಯ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬಂತು. "ಅಮೆರಿಕ ಉಕ್ರೇನ್‌ಗೆ ಕೊಟ್ಟ ಆಯುಧದಲ್ಲಿ 59 ಪರ್ಸೆಂಟ್ ಮಾಯ! ಎಲ್ಲಾ ಕಳ್ಳಸಂತೆಗೆ!" ಹಾಕಿದವನು ನನ್ನ ಅಕ್ಕನ ಮಗ. ಓದಿದವರೆಲ್ಲ ಹೌದು ಹೌದು ಅಂತಿದ್ದರು. ನಾನು 31 ವರ್ಷ ಸಹಕಾರ ಸಂಘಗಳ ಆಡಿಟ್ ಮಾಡಿ ನಿವೃತ್ತನಾದವನು. ಒಂದು ಅಂಕಿ ಕಣ್ಣಿಗೆ ಬಿದ್ದರೆ ಅದು ಯಾವ ವಹಿಯಿಂದ ಎದ್ದು ಬಂತು ಅಂತ ನೋಡದೆ ನಿದ್ದೆ ಬರುವುದಿಲ್ಲ. ಮೂಲ ವರದಿಯನ್ನೇ ತೆಗೆದು ಓದಿದೆ.

ಅದು ಅಮೆರಿಕದ ರಕ್ಷಣಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ 2024ರ ಜನವರಿಯಲ್ಲಿ ಕೊಟ್ಟ ವರದಿ. ಇಲ್ಲಿ ಐಜಿ ಅಂದರೆ ನಮ್ಮ ಪೊಲೀಸ್ ಐಜಿ ಅಲ್ಲ. ಇಲಾಖೆಯ ಒಳಗೇ ಕೂತು ಇಲಾಖೆಯದೇ ತಪ್ಪು ಹುಡುಕುವ ಆಡಿಟರ್. ಉಕ್ರೇನ್‌ಗೆ ಹೋದ ಎಲ್ಲ ಆಯುಧದ ಮಾತು ಅದರಲ್ಲಿಲ್ಲ. ಹೆಗಲ ಮೇಲಿಟ್ಟು ಹಾರಿಸುವ ಜಾವೆಲಿನ್, ಸ್ಟಿಂಗರ್ ಕ್ಷಿಪಣಿ, ರಾತ್ರಿ ಕಾಣುವ ದುರ್ಬೀನು, ಇಂಥವುಗಳದ್ದು ಮಾತ್ರ. ಇವು ಚಿಕ್ಕವು, ಹೊತ್ತುಕೊಂಡು ಹೋಗಬಹುದು. ಕೆಟ್ಟವರ ಕೈಗೆ ಸಿಕ್ಕರೆ ಒಂದು ವಿಮಾನವನ್ನೇ ಬೀಳಿಸಬಹುದು. ಅದಕ್ಕೇ ಇವುಗಳಿಗೆ ಜಾಸ್ತಿ ಕಟ್ಟುನಿಟ್ಟು. ಒಂದೊಂದರ ಸೀರಿಯಲ್ ನಂಬರ್ ಓದಿ, ತಲುಪಿದ 90 ದಿನದೊಳಗೆ ದಾಖಲು ಮಾಡಬೇಕು. ಆಮೇಲೆ ವರ್ಷಕ್ಕೊಮ್ಮೆ ಮತ್ತೆ ಎಣಿಸಬೇಕು.

ಇಂಥ ಸಾಮಾನು ಒಟ್ಟು ಸುಮಾರು 170 ಕೋಟಿ ಡಾಲರಿನದು. 2023ರ ಜೂನ್ 2ರ ಹೊತ್ತಿಗೆ ಅದರಲ್ಲಿ 100 ಕೋಟಿ ಡಾಲರಿಗೂ ಸ್ವಲ್ಪ ಮೇಲ್ಪಟ್ಟ ಸಾಮಾನಿನ ಎಣಿಕೆ ಗಡುವು ಮೀರಿತ್ತು. ಅದೇ ಈ 59 ಪರ್ಸೆಂಟ್. ಕಳವಾಗಿದೆಯೋ ಇಲ್ಲವೋ ಎಂದು ನೋಡುವುದು ತಮ್ಮ ಈ ಪರಿಶೀಲನೆಯ ವ್ಯಾಪ್ತಿಯಲ್ಲಿ ಇಲ್ಲ ಎಂದು ವರದಿಯಲ್ಲೇ ಬರೆದಿದ್ದಾರೆ. ಆ ಸಾಲನ್ನು ಮೆಸೇಜ್ ಬರೆದವರು ಬಿಟ್ಟುಬಿಟ್ಟಿದ್ದಾರೆ.

ನನ್ನ ಕೆಲಸದಲ್ಲಿ ಕಂಡ ಎರಡು ಗೋದಾಮು ನೆನಪಾದವು. ಸಂಘಗಳ ಹೆಸರು ಬೇಡ.

ಒಂದರಲ್ಲಿ ಯೂರಿಯಾ ಇತ್ತು. ದಾಸ್ತಾನು ವಹಿಯಲ್ಲಿ 800 ಚೀಲ. ಉದ್ದಕ್ಕೆ 10, ಅಗಲಕ್ಕೆ 8, ಎತ್ತರಕ್ಕೆ 10, ಚಂದ ಒಟ್ಟಿದ್ದರು. ಸುತ್ತಲೂ ತಿರುಗಿ ಎಣಿಸಿದೆ, ತಾಳೆ ಆಯಿತು. ಸಹಿ ಹಾಕಲು ಪೆನ್ನು ತೆಗೆದಿದ್ದೆ. ಬಾಗಿಲ ಹತ್ತಿರ ಕೂತಿದ್ದ ಒಬ್ಬ ವಯಸ್ಸಾದ ಹಮಾಲ ಮೆಲ್ಲಗೆ "ಸಾಹೇಬ್ರ, ಒಮ್ಮೆ ಮ್ಯಾಲ ಹತ್ತಿ ನೋಡ್ರಿ" ಅಂದ. ಹತ್ತಿದೆ. ಮೇಲಿನ ಸಾಲಿನ ಮೇಲೆ ತಾಡಪತ್ರಿ ಹಾಸಿದ್ದರು. ತೆಗೆದರೆ ನಡುವೆ ಬಾವಿಯ ಹಾಗೆ ಟೊಳ್ಳು. 96 ಚೀಲ ಇರಲೇ ಇಲ್ಲ. ವಹಿ ಸರಿ ಇತ್ತು, ಮಾಲು ಹೋಗಿತ್ತು.

ಇನ್ನೊಂದು ಕಡೆ ಇದರ ಉಲ್ಟಾ. ಜೂನ್ ತಿಂಗಳು, ಹೆಸರುಕಾಳಿನ ಬಿತ್ತನೆ, ಹದವಾದ ಮಳೆ ಬಿದ್ದಿತ್ತು. ಡಿಎಪಿ 140 ಚೀಲಕ್ಕೆ ಲೆಕ್ಕವೇ ಸಿಗುತ್ತಿಲ್ಲ. ಕಾರ್ಯದರ್ಶಿ ಅಳುವ ಹಾಗಾಗಿದ್ದ. ಊರೆಲ್ಲ "ನುಂಗಿದ" ಅಂತ ಮಾತಾಡುತ್ತಿತ್ತು. ಮೂರು ದಿನ ಕೂತೆವು. ರೈತರು ಒಮ್ಮೆಲೇ ಬಂದಾಗ ಚೀಟಿ ಹರಿದು ಕೊಟ್ಟಿದ್ದ, ವಹಿಗೆ ಏರಿಸಿರಲಿಲ್ಲ. ಚೀಟಿಯ ಕಟ್ಟು ಅಂಗಿಯ ಜೇಬಿನಲ್ಲಿ, ಬೈಕಿನ ಡಿಕ್ಕಿಯಲ್ಲಿ, ಮನೆಯ ಮಾಡದಲ್ಲಿ ಸಿಕ್ಕಿತು. 140ಕ್ಕೆ 140 ರೈತರ ಹೊಲದಲ್ಲೇ ಇದ್ದವು.

ಎರಡೂ ತಪ್ಪೇ. ಆದರೆ ಒಂದೇ ತಪ್ಪಲ್ಲ. ಆ ಕಾರ್ಯದರ್ಶಿಯನ್ನು ಮೊದಲ ದಿನವೇ ಕಳ್ಳ ಅಂದಿದ್ದರೆ ಅವನ ಬಾಳು ಹೋಗುತ್ತಿತ್ತು. ಹಾಗಂತ ಎಣಿಸದೇ ಬಿಟ್ಟಿದ್ದರೆ ಮೊದಲನೇ ಗೋದಾಮಿನ ಟೊಳ್ಳು ಇವತ್ತಿಗೂ ಹಾಗೇ ಇರುತ್ತಿತ್ತು. ಈ ವಿಷಯ ಇಲ್ಲಿ ಮಾತಾಡೋಣ ಅನಿಸಿತು. ಗೊತ್ತಿದ್ದವರು ಬರೆಯಿರಿ.

ನವಲಗುಂದದ ರೈತ

ಕಾಕಾ, ಚೆನ್ನಾಗಿ ಬರೆದಿದ್ದೀರಿ. ಆದರೂ ಕೇಳುತ್ತೇನೆ, ಬೇಜಾರಾಗಬೇಡಿ. ಅಮೆರಿಕದ ದುಡ್ಡು, ಉಕ್ರೇನಿನ ಯುದ್ಧ. ನಮಗೆ ನಮ್ಮ ಬೆಳೆವಿಮೆಯ ಲೆಕ್ಕವೇ ಸಿಗುತ್ತಿಲ್ಲ. ಇದರಿಂದ ನಮಗೇನು?

ಬೆಟಗೇರಿ ಓದುಗ

ಅಣ್ಣಾ, ನಮಗೇನು ಅಂತ ಕೇಳಿದಿರಿ. ಪಾಕಿಸ್ತಾನದ ಕತೆ ಕೇಳಿ.

2001ರ ನಂತರ ಅಮೆರಿಕ ಪಾಕಿಸ್ತಾನಕ್ಕೆ "ನೀವು ಭಯೋತ್ಪಾದಕರ ವಿರುದ್ಧ ಹೋರಾಡಿ, ಖರ್ಚಿನ ಬಿಲ್ಲು ಕಳಿಸಿ, ನಾವು ಕೊಡುತ್ತೇವೆ" ಅಂತ ಒಂದು ನಿಧಿ ಮಾಡಿತು. 2008ರ ಹೊತ್ತಿಗೆ ಹೀಗೆ ಕೊಟ್ಟದ್ದು 556 ಕೋಟಿ ಡಾಲರ್. ಆ ವರ್ಷ ಅಮೆರಿಕ ಸಂಸತ್ತಿನ ಲೆಕ್ಕ ತಪಾಸಣೆ ಸಂಸ್ಥೆ ಜಿಎಒ ಬಿಲ್ಲುಗಳನ್ನು ಬಿಚ್ಚಿ ನೋಡಿತು. ರಸ್ತೆ ಮಾಡಿದ್ದೇವೆ ಅಂತ 3 ಕೋಟಿ ಡಾಲರ್, ಬಂಕರ್ ಕಟ್ಟಿದ್ದೇವೆ ಅಂತ 1.5 ಕೋಟಿ ಡಾಲರ್. ರಸ್ತೆಯೂ ಬಂಕರೂ ಆಗಿವೆ ಅನ್ನುವುದಕ್ಕೆ ಒಂದು ಪುರಾವೆ ಇಲ್ಲ. ನೌಕಾಪಡೆಯ ಕಾರು ಜೀಪಿಗೆ ಒಂದೊಂದಕ್ಕೆ ತಿಂಗಳಿಗೆ 19,000 ಡಾಲರಿಗೂ ಜಾಸ್ತಿ. ಗುಡ್ಡಗಾಡಿನಲ್ಲಿ ಅಡಗಿದ ಉಗ್ರರನ್ನು ಹಿಡಿಯಲು ಕೊಟ್ಟ ದುಡ್ಡು. ಆದರೆ ವಾಯುದಾಳಿ ತಡೆಯುವ ರೇಡಾರಿಗೂ ಅದರಿಂದ 20 ಕೋಟಿ ಡಾಲರ್ ಹೋಗಿತ್ತು. ಆ ಉಗ್ರರ ಹತ್ತಿರ ವಿಮಾನ ಇತ್ತಾ? ಆ ರೇಡಾರ್ ಯಾವ ಕಡೆ ಮುಖ ಮಾಡಿರುತ್ತದೆ ಅಂತ ನಮ್ಮ ಗಡಿಯಲ್ಲಿ ನಿಂತವರಿಗೆ ಕೇಳಿ.

ದೂರದ ದೇಶದವರು ತಮ್ಮ ಬಿಲ್ಲು ಸರಿಯಾಗಿ ನೋಡದಿದ್ದರೆ ಅದರ ಬಿಸಿ ನಮಗೆ ತಾಗುತ್ತದೆ.

ನವಲಗುಂದದ ರೈತ

ಇದು ಗೊತ್ತಿರಲಿಲ್ಲ. ಓದುತ್ತೇನೆ, ಮುಂದುವರಿಸಿ.

ಮಾಜಿ ಸುಬೇದಾರ್, ಹಾವೇರಿ

ನಾನು ಇನ್‌ಫೆಂಟ್ರಿಯಲ್ಲಿ 26 ವರ್ಷ ಇದ್ದವನು. ಆಯುಧದ ಲೆಕ್ಕ ಅಂದರೆ ಏನು ಅಂತ ಹೇಳುತ್ತೇನೆ.

ನಮ್ಮಲ್ಲಿ ಬಂದೂಕು ಇಡುವ ಕೋಣೆಗೆ ಕೋತ್ ಅಂತಾರೆ. ಬೆಳಿಗ್ಗೆ ರೈಫಲ್ ತೆಗೆದುಕೊಳ್ಳುವಾಗ ರಿಜಿಸ್ಟರಿನಲ್ಲಿ ನಂಬರ್ ಬರೆದು ಸಹಿ. ವಾಪಸ್ ಕೊಡುವಾಗ ಮತ್ತೆ ನಂಬರ್ ನೋಡಿ ಸಹಿ. ಫೈರಿಂಗ್ ರೇಂಜಿಗೆ ಹೋದರೆ ಎಷ್ಟು ಗುಂಡು ಕೊಟ್ಟಿದ್ದರೋ ಅಷ್ಟು ಖಾಲಿ ಖೋಕಾ, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಕವಚ, ವಾಪಸ್ ಎಣಿಸಿ ಕೊಡಬೇಕು. ರಾಜಸ್ಥಾನದಲ್ಲಿ ಒಮ್ಮೆ ಎರಡು ಖೋಕಾ ಕಡಿಮೆ ಬಂದವು. ಗುಂಡಲ್ಲ, ಖಾಲಿ ಖೋಕಾ. ಇಡೀ ಕಂಪನಿ ಮೊಣಕಾಲೂರಿ ಸಾಲಾಗಿ ಕೂತು ಮರಳನ್ನು ಬೆರಳಿನಿಂದ ಕೆದಕಿದೆವು. ಹೊತ್ತು ಮುಳುಗಿತು. ಟಾರ್ಚ್ ಹಚ್ಚಿದೆವು. ಒಂದು ಮರಳಲ್ಲಿ ಸಿಕ್ಕಿತು. ಇನ್ನೊಂದು ಒಬ್ಬ ಹುಡುಗನ ಪೌಚಿನೊಳಗೆ ಜಾರಿತ್ತು, ಅವನಿಗೇ ಗೊತ್ತಿರಲಿಲ್ಲ. ಆಮೇಲೇ ಊಟ.

ಆದರೆ ಅದು ಶಾಂತಿ ಕಾಲದ ಮಾತು. ಶೆಲ್ ಬೀಳುವಾಗ ಯಾರೂ ರಿಜಿಸ್ಟರ್ ಹಿಡಿದು ಕೂರುವುದಿಲ್ಲ. ಪಕ್ಕದ ಕಂದಕದಲ್ಲಿ ಮದ್ದುಗುಂಡು ಮುಗಿಯಿತು ಅಂದರೆ ಎತ್ತಿ ಕೊಡುತ್ತೇವೆ. ಕ್ಷಿಪಣಿ ಹಾರಿಸಿದ ಮೇಲೆ ಕೈಯಲ್ಲಿ ಉಳಿಯುವುದು ಖಾಲಿ ಕೊಳವೆ. ಹಾರಿಸಿದ ಹುಡುಗನೇ ಸತ್ತರೆ ಆ ಸೀರಿಯಲ್ ನಂಬರ್ ಯಾರು ಓದಬೇಕು? ಏಸಿ ಕೋಣೆಯಲ್ಲಿ ಕೂತು 90 ದಿನ ಅಂತ ನಿಯಮ ಮಾಡಿದವರು ಮುಂಚೂಣಿಗೆ ಒಮ್ಮೆ ಹೋಗಿ ಬರಲಿ. ಎಣಿಸುವ ನೆಪದಲ್ಲಿ ಒಬ್ಬ ಸೈನಿಕ ಸತ್ತರೂ ಅದು ದುಬಾರಿ ಲೆಕ್ಕವೇ. ಇದನ್ನು ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಕಿರ್ದಿ ಖತಾವಣಿ, ಗದಗ

ಸುಬೇದಾರ್ ಸಾಹೇಬರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಆ ವರದಿಯೂ ನಿಮ್ಮ ಮಾತನ್ನು ಒಪ್ಪುತ್ತದೆ. ಎಣಿಕೆ ಹಿಂದೆ ಬೀಳಲು ಅದು ಕೊಡುವ ಕಾರಣಗಳೇ ಇವು: ಎಣಿಸುವ ಸಿಬ್ಬಂದಿ ಕಡಿಮೆ, ಯುದ್ಧದ ಜಾಗಕ್ಕೆ ಹೋಗಲು ಆಗದು, ಇಂಥ ಕಡೆ ಹೇಗೆ ಎಣಿಸಬೇಕು ಅನ್ನುವ ನಿಯಮವೇ ಮೊದಲು ಇರಲಿಲ್ಲ.

ಆದರೆ ಇನ್ನೊಂದು ವರದಿ ಇದೆ, 2023ರ ಜೂನ್ ತಿಂಗಳದ್ದು. ಅದು ನನಗೆ ಇದಕ್ಕಿಂತ ಜಾಸ್ತಿ ನೋವು ಕೊಟ್ಟಿತು. ಪೋಲೆಂಡಿನಲ್ಲಿ ಯಾಸಿಯೋಂಕಾ ಅಂತ ಒಂದು ವಿಮಾನ ನಿಲ್ದಾಣ. ಉಕ್ರೇನಿನ ಗಡಿಗೆ ಹತ್ತಿರ, ಆದರೆ ಗಡಿಯ ಈಚೆ. ಅಲ್ಲಿ ಶೆಲ್ ಬೀಳುವುದಿಲ್ಲ. ಅಮೆರಿಕದಿಂದ ವಿಮಾನದಲ್ಲಿ ಬಂದ ಸಾಮಾನು ಅಲ್ಲಿ ಇಳಿದು ಉಕ್ರೇನಿಗೆ ಹೋಗುತ್ತದೆ. ತಪಾಸಣೆಯವರು ಐದು ಲೋಡು ಇಳಿಸುವುದನ್ನು ನಿಂತು ನೋಡಿದರು. ಮೂರರಲ್ಲಿ ಎಷ್ಟು ಕಳಿಸಿದ್ದರು, ಎಷ್ಟು ಬಂತು ಅಂತ ತಾಳೆ ನೋಡಲು ಆಗಲಿಲ್ಲ.

ನಮ್ಮ ಅಮರಗೋಳದ ಎಪಿಎಂಸಿಗೆ ಲಾರಿ ಬಂದರೆ ಡ್ರೈವರ್ ಮೊದಲು ಬಿಲ್ಟಿ ಕೊಡುತ್ತಾನೆ. ಬಿಲ್ಟಿಯಲ್ಲಿ ಎಷ್ಟು ಚೀಲ ಅಂತಿದೆಯೋ ಅಷ್ಟು ಇಳಿದ ಮೇಲೇ ಸಹಿ. ಒಂದು ಚೀಲ ಹರಿದಿದ್ದರೂ ಬಿಲ್ಟಿಯ ಮೇಲೇ ಬರೆಸುತ್ತಾರೆ. ಇದಕ್ಕೆ ಯಾರೂ ಓದಿ ಪದವಿ ಪಡೆದಿಲ್ಲ. ಹಮಾಲರಿಗೂ ಗೊತ್ತು, ದಲಾಲರಿಗೂ ಗೊತ್ತು.

ಕಂದಕದಲ್ಲಿ ಎಣಿಸಿ ಅಂತ ನಾನು ಯಾವ ಸೈನಿಕನಿಗೂ ಹೇಳುವುದಿಲ್ಲ. ಆದರೆ ಗುಂಡು ಬೀಳದ ಜಾಗದಲ್ಲಿ, ಬೆಳಕಿನಲ್ಲಿ, ಸಾಮಾನು ಕೈಯಲ್ಲಿ ಇರುವಾಗ ಎಣಿಸದಿದ್ದರೆ ಅದರ ಭಾರವೆಲ್ಲ ಆ ಕಂದಕದ ಹುಡುಗನ ಮೇಲೇ ಬೀಳುತ್ತದೆ. ನಾಳೆ ಲೆಕ್ಕ ತಪ್ಪಿದರೆ "ಮುಂಚೂಣಿಯವರೇ ಮಾರಿಕೊಂಡರು" ಅನ್ನುತ್ತಾರೆ. ನನ್ನ ಅಕ್ಕನ ಮಗ ಕಳಿಸಿದ ಮೆಸೇಜ್ ಇದನ್ನೇ ಅಲ್ವಾ ಹೇಳಿದ್ದು?

ಮಾಜಿ ಸುಬೇದಾರ್, ಹಾವೇರಿ

ಯಾಸಿಯೋಂಕಾ ವಿಷಯ ಒಪ್ಪಿದೆ. ಡಿಪೋದಲ್ಲಿ ಎಣಿಸದವನಿಗೆ ನಮ್ಮಲ್ಲಿ ಕ್ಷಮೆ ಇಲ್ಲ.

ವಿದ್ಯಾನಗರದ ಸಿಎ ವಿದ್ಯಾರ್ಥಿನಿ, ಹುಬ್ಬಳ್ಳಿ

ಎಣಿಕೆಯ ಜೊತೆ ಬೆಲೆಯ ಲೆಕ್ಕವೂ ಇದೆ ಸರ್. ನಮ್ಮ ಆರ್ಟಿಕಲ್‌ಶಿಪ್ ಆಫೀಸಿನಲ್ಲಿ ಇದರ ಬಗ್ಗೆ ಒಂದು ಮಧ್ಯಾಹ್ನವಿಡೀ ಮಾತಾಡಿದ್ದೆವು.

ಅಮೆರಿಕದ ಅಧ್ಯಕ್ಷರು ತಮ್ಮ ಸೈನ್ಯದ ಗೋದಾಮಿನಿಂದಲೇ ಆಯುಧ ತೆಗೆದು ಇನ್ನೊಂದು ದೇಶಕ್ಕೆ ಕೊಡಬಹುದು. ಆದರೆ ಇಷ್ಟು ಡಾಲರ್ ಬೆಲೆಯವರೆಗೆ ಮಾತ್ರ ಅಂತ ಸಂಸತ್ತು ಮಿತಿ ಹಾಕಿರುತ್ತದೆ. ಈಗ ಪ್ರಶ್ನೆ: ಹತ್ತಾರು ವರ್ಷದ ಹಿಂದೆ ಕೊಂಡ ಕ್ಷಿಪಣಿಗೆ ಇವತ್ತು ಯಾವ ಬೆಲೆ ಹಾಕಬೇಕು?

ನಮ್ಮ ಅಪ್ಪನ ಟ್ರ್ಯಾಕ್ಟರ್ ತೆಗೆದುಕೊಳ್ಳಿ. ಕೊಂಡಾಗ ಐದೂವರೆ ಲಕ್ಷ. ಹದಿನಾಲ್ಕು ವರ್ಷ ದುಡಿದಿದೆ. ಸವಕಳಿ ಕಳೆದರೆ ಪುಸ್ತಕದಲ್ಲಿ ಅದರ ಬೆಲೆ ಈಗ ಒಂದು ಲಕ್ಷವೂ ಇಲ್ಲ. ಆದರೆ ಅಂಥದ್ದೇ ಹೊಸದು ತರಬೇಕು ಅಂದರೆ ಒಂಬತ್ತು ಲಕ್ಷ. ಅಪ್ಪ ಆ ಹಳೇ ಟ್ರ್ಯಾಕ್ಟರನ್ನು ಚಿಕ್ಕಪ್ಪನಿಗೆ ಕೊಟ್ಟು "ಒಂಬತ್ತು ಲಕ್ಷ ಕೊಟ್ಟೆ" ಅಂದರೆ ಸರಿಯಾ?

ಅಮೆರಿಕದ ಸೈನ್ಯದಲ್ಲಿ ಇದೇ ಆಯಿತು. ಪುಸ್ತಕದ ಬೆಲೆ ಹಾಕುವ ಕಡೆ ಹೊಸದು ಕೊಳ್ಳುವ ಬೆಲೆ ಹಾಕಿದ್ದರು. 2023ರ ಜೂನಿನಲ್ಲಿ ಪೆಂಟಗಾನ್, ಅಂದರೆ ಅಮೆರಿಕದ ರಕ್ಷಣಾ ಇಲಾಖೆ, ತಾನೇ ಹೇಳಿಕೊಂಡಿತು: ತಪ್ಪು 620 ಕೋಟಿ ಡಾಲರಿನದು. 2022ರ ಆರ್ಥಿಕ ವರ್ಷದಲ್ಲಿ 260 ಕೋಟಿ, 2023ರದ್ದರಲ್ಲಿ 360 ಕೋಟಿ. ಮರುವರ್ಷ ಜುಲೈನಲ್ಲಿ ಜಿಎಒ ಇನ್ನೂ 200 ಕೋಟಿ ಡಾಲರಿನ ತಪ್ಪು ಸಿಕ್ಕಿದೆ ಎಂದಿತು. ಇಂಥ ಸಾಮಾನಿಗೆ "ಮೌಲ್ಯ" ಅಂದರೆ ಯಾವುದು ಅಂತ ಕಾನೂನಿನಲ್ಲೇ ಸ್ಪಷ್ಟವಾಗಬೇಕು ಎಂದೂ ಹೇಳಿತು.

ಕೇಶ್ವಾಪುರದವ

ಹಾಗಾದರೆ 620 ಕೋಟಿ ಡಾಲರ್ ಯಾರ ಜೇಬಿಗೆ ಹೋಯಿತು?

ವಿದ್ಯಾನಗರದ ಸಿಎ ವಿದ್ಯಾರ್ಥಿನಿ, ಹುಬ್ಬಳ್ಳಿ

ಯಾರ ಜೇಬಿಗೂ ಹೋಗಿಲ್ಲ ಅಣ್ಣಾ. ಅಲ್ಲೇ ಇದರ ಮರ್ಮ ಇರುವುದು. ಬೆಲೆ ಜಾಸ್ತಿ ಬರೆದಿದ್ದರಿಂದ ಮಿತಿ ಬೇಗ ತುಂಬಿತು. ಅಂದರೆ ಕೊಡಬಹುದಾಗಿದ್ದಕ್ಕಿಂತ ಕಡಿಮೆ ಆಯುಧ ಹೋಯಿತು. ತಪ್ಪು ತಿದ್ದಿದ ಮೇಲೆ ಅಷ್ಟು ಜಾಗ ಖಾಲಿಯಾಗಿ ಮತ್ತೆ ಕಳಿಸಲು ದಾರಿ ಆಯಿತು. ಲೆಕ್ಕ ತಪ್ಪಿದ್ದರಿಂದ ಇಲ್ಲಿ ನಷ್ಟವಾಗಿದ್ದು ಪಡೆಯುವವನಿಗೆ. ಆಡಿಟ್ ಅಂದರೆ ಕೊಡುವ ಕೈ ಹಿಡಿಯುವುದು ಅಂತ ಜನ ಅಂದುಕೊಳ್ಳುತ್ತಾರೆ. ಇಲ್ಲಿ ಆಡಿಟ್ ಕೈ ಬಿಡಿಸಿತು.

ಶಿರಹಟ್ಟಿಯ ಅಕ್ಕ

ತಂಗೀ, ಟ್ರ್ಯಾಕ್ಟರ್ ಉದಾಹರಣೆ ಬಹಳ ಚಂದ. ನಾನು ಏಳು ವರ್ಷ ಉದ್ಯೋಗ ಖಾತ್ರಿ ಕಾಮಗಾರಿಗಳ ಸಾಮಾಜಿಕ ಪರಿಶೋಧನೆ ಮಾಡಿದವಳು. ಎನ್‌ಎಂಆರ್, ಅಂದರೆ ಕೂಲಿಕಾರರ ಹಾಜರಿ ಹಾಳೆ, ಹಿಡಿದು ಮನೆಮನೆಗೆ ಹೋಗುತ್ತಿದ್ದೆ. "ಈ ಹೆಸರು ನಿಮ್ಮದಾ? 14 ದಿನ ಕೆಲಸ ಮಾಡಿದ್ದೀರಾ?" ಒಂದೂರಲ್ಲಿ ಒಬ್ಬ ಅಜ್ಜಿ ನನ್ನನ್ನು ಕೂರಿಸಿ ಚಹಾ ಕೊಟ್ಟು, ಹಾಳೆಯಲ್ಲಿದ್ದ ಹೆಸರು ಕೇಳಿ ಗೋಡೆಯ ಫೋಟೋ ತೋರಿಸಿದಳು. ಹಾರ ಹಾಕಿತ್ತು. ಸತ್ತು ಎರಡು ವರ್ಷವಾಗಿದ್ದ ಮಗ ನಮ್ಮ ಹಾಳೆಯಲ್ಲಿ ಬದು ಹಾಕುತ್ತಿದ್ದ. ಆ ಅಜ್ಜಿಯ ಮುಖ ನಾನು ಮರೆಯುವುದಿಲ್ಲ. ದುಡ್ಡಿನ ಮಾತು ಆಮೇಲೆ. ಅವಳ ಮಗನ ಹೆಸರನ್ನು ಕದ್ದಿದ್ದರು.

ಅಫ್ಘಾನಿಸ್ತಾನದ ಸೈನ್ಯದಲ್ಲೂ ಹೀಗೇ. ಅಲ್ಲಿ "ಭೂತ ಸೈನಿಕರು" ಅಂತಾರೆ. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಅಮೆರಿಕದ ದುಡ್ಡಿನಿಂದ ಸಂಬಳ ಹೋಗುತ್ತದೆ, ಠಾಣೆಯಲ್ಲಿ ಮನುಷ್ಯ ಇಲ್ಲ. ಇದನ್ನು ವರ್ಷಗಟ್ಟಲೆ ಕೂಗಿ ಹೇಳಿದ್ದು ಸಿಗಾರ್ ಅನ್ನುವ ತನಿಖಾ ಕಚೇರಿ. ಅಫ್ಘಾನಿಸ್ತಾನದ ಖರ್ಚು ನೋಡಲಿಕ್ಕೆಂದೇ ಅಮೆರಿಕದ ಸಂಸತ್ತು 2008ರಲ್ಲಿ ಹುಟ್ಟುಹಾಕಿತ್ತು. ಜಾನ್ ಸೋಪ್ಕೋ ಅನ್ನುವವರು 2012ರಿಂದ ಅದರ ಮುಖ್ಯಸ್ಥರಾಗಿದ್ದರು.

ಅವರ ವರದಿಗಳಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಸಮವಸ್ತ್ರದ ವಿಷಯ. ಅಫ್ಘಾನ್ ಸೈನಿಕರಿಗೆ ಕಾಡಿನ ಹಸಿರು ಬಣ್ಣದ ಬಟ್ಟೆ. ಆ ದೇಶದಲ್ಲಿ ಕಾಡು ಇರುವುದು ನೆಲದ 2.1 ಪರ್ಸೆಂಟ್. ಉಳಿದದ್ದೆಲ್ಲ ಮಣ್ಣು, ಕಲ್ಲು, ಮರಳು. ಆಗಿನ ಅಫ್ಘಾನ್ ರಕ್ಷಣಾ ಮಂತ್ರಿ ಇಂಟರ್ನೆಟ್ಟಿನಲ್ಲಿ ನೋಡಿ ಆರಿಸಿದ ವಿನ್ಯಾಸ ಅದು. ಅಮೆರಿಕದ ಬಳಿ ಮೊದಲೇ ಇದ್ದ ವಿನ್ಯಾಸ ಬಿಟ್ಟು, ಖಾಸಗಿ ಕಂಪನಿಯ ವಿನ್ಯಾಸ ತಗೊಂಡರು. 2.8 ಕೋಟಿ ಡಾಲರ್‌ವರೆಗೆ ಸುಮ್ನೆ ಜಾಸ್ತಿ ಖರ್ಚಾಯಿತು ಅಂತ 2017ರಲ್ಲಿ ಸಿಗಾರ್ ಲೆಕ್ಕ ಕೊಟ್ಟಿತು. ದುಡ್ಡು ಹೋಗಲಿ. ಕಂದು ಬಣ್ಣದ ಗುಡ್ಡದ ಮೇಲೆ ಹಸಿರು ಅಂಗಿ ತೊಟ್ಟು ನಿಂತ ಹುಡುಗ ಎಷ್ಟು ದೂರದಿಂದ ಕಾಣುತ್ತಾನೆ ಅಂತ ಯಾರಾದರೂ ಯೋಚಿಸಿದರಾ?

ವಿಮಾನದ ಮಾತೂ ಇದೆ. 20 ಇಟಲಿ ಮಾದರಿಯ ಸಾಗಣೆ ವಿಮಾನ ಕೊಟ್ಟರು, ಖರ್ಚು ಸುಮಾರು 55 ಕೋಟಿ ಡಾಲರ್. ಬಿಡಿಭಾಗ ಸಿಗಲಿಲ್ಲ, ಹಾರಲಿಲ್ಲ. 2014ರಲ್ಲಿ 16 ವಿಮಾನ ಕಾಬೂಲಿನಲ್ಲೇ ಮುರಿದು ಗುಜರಿಗೆ ಹಾಕಿದರು. ಬಂದದ್ದು ಸುಮಾರು 40 ಸಾವಿರ ಡಾಲರ್.

ಗ್ರಾಮಸಭೆಯಲ್ಲಿ ನಾವು ಓದಿ ಹೇಳುತ್ತಿದ್ದೆವು, ಕೃಷಿ ಹೊಂಡ ಎಂಬಿ ಅನ್ನುವ ಅಳತೆ ಪುಸ್ತಕದಲ್ಲಿ ಇಷ್ಟು ಉದ್ದ ಇದೆ, ಟೇಪು ಹಿಡಿದರೆ ಇಷ್ಟೇ ಇದೆ ಅಂತ. ಅದನ್ನು ಕೇಳಿದ ಮೇಲೆ ಆ ಹೊಂಡವನ್ನು ಸರಿ ಮಾಡಿದ ಊರುಗಳೂ ಇದ್ದವು. ಸಿಗಾರ್ ಬರೆಯುತ್ತಲೇ ಇತ್ತು, ಕೇಳುವವರು ಕೇಳಲಿಲ್ಲ. 2021ರ ಆಗಸ್ಟಿನಲ್ಲಿ ಆ ಸೈನ್ಯ ಕೆಲವೇ ದಿನದಲ್ಲಿ ಕರಗಿತು. ಅಮೆರಿಕ ಅದಕ್ಕೆ ಕೊಟ್ಟಿದ್ದರಲ್ಲಿ 712 ಕೋಟಿ ಡಾಲರಿನ ಸಾಮಾನು ಅಲ್ಲೇ ಉಳಿಯಿತು ಅಂತ ಅಮೆರಿಕದ ರಕ್ಷಣಾ ಇಲಾಖೆಯೇ ತನ್ನ ಸಂಸತ್ತಿಗೆ ಹೇಳಿದೆ.

ಕೇಶ್ವಾಪುರದವ

ಅಕ್ಕಾ, ಓದಿ ಮನಸ್ಸು ಭಾರವಾಯಿತು.

ಉಕ್ರೇನಿನವರೂ ತಮ್ಮ ಮನೆಯೊಳಗೆ ಲೆಕ್ಕ ಕೇಳಿದ್ದಾರೆ ಅನ್ನುವುದನ್ನೂ ಹೇಳಬೇಕು. 2023ರ ಜನವರಿಯಲ್ಲಿ ಒಬ್ಬ ಉಕ್ರೇನ್ ಪತ್ರಕರ್ತ ಸೈನಿಕರ ಊಟದ ಗುತ್ತಿಗೆಯ ಕಾಗದ ಹೊರಗೆ ಹಾಕಿದರು. ಒಂದು ಮೊಟ್ಟೆಗೆ 17 ಹ್ರಿವ್ನಿಯಾ, ಅದು ಅವರ ನಾಣ್ಯ. ಕೀವ್ ಅಂಗಡಿಯಲ್ಲಿ ಸುಮಾರು 7. ಯುದ್ಧ ನಡೆಯುವಾಗ ಇಂಥದ್ದು ಬರೆದರೆ ದೇಶದ್ರೋಹಿ ಅನ್ನುತ್ತಾರೆ ಅನ್ನುವ ಭಯ ಇರಲ್ವಾ? ಆದರೂ ಬರೆದರು. ಅಧಿಕಾರಿಗಳು ಹುದ್ದೆ ಬಿಟ್ಟರು. ಆ ವರ್ಷದ ಸೆಪ್ಟೆಂಬರಿನಲ್ಲಿ ರಕ್ಷಣಾ ಮಂತ್ರಿಯೇ ಬದಲಾದರು. ಅದು ಅಮೆರಿಕದ ದುಡ್ಡಲ್ಲ, ಅವರದೇ ಬಜೆಟ್. ಆದರೆ ಹೊರಗಿನವರು ನಂಬಿ ಕೊಡುವುದು ಒಳಗಿನವರು ಹೀಗೆ ಕೇಳಿದಾಗಲೇ ಅಂತ ನನಗನಿಸುತ್ತದೆ.

ಸಪ್ತಾಪುರದ ಲಾ ವಿದ್ಯಾರ್ಥಿ, ಧಾರವಾಡ

ಎಲ್ಲರೂ ಆಡಿಟರ್ ಏನು ಕಂಡರು ಅಂತ ಬರೆದಿದ್ದೀರಿ. ಆಡಿಟರನ್ನು ಯಾರು ಕಾಯುತ್ತಾರೆ ಅಂತ ನಾನು ಕೇಳುತ್ತೇನೆ.

ಉಕ್ರೇನ್ ನೆರವಿನ ಮೇಲಿನ ಆ ವರದಿಗಳು ಬಂದಾಗ ರಕ್ಷಣಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು ರಾಬರ್ಟ್ ಸ್ಟೋರ್ಚ್. 2025ರ ಜನವರಿ 24ರ ರಾತ್ರಿ ಅವರನ್ನೂ ಸೇರಿಸಿ ಸುಮಾರು 17 ಇಲಾಖೆಗಳ ಇನ್‌ಸ್ಪೆಕ್ಟರ್ ಜನರಲ್‌ಗಳನ್ನು ಅಧ್ಯಕ್ಷ ಟ್ರಂಪ್ ತೆಗೆದುಹಾಕಿದರು. ತೆಗೆಯುವ ಮೊದಲು ಸಂಸತ್ತಿಗೆ 30 ದಿನ ಮುಂಚೆ ಕಾರಣ ಸಮೇತ ತಿಳಿಸಬೇಕು ಅಂತ ಅಲ್ಲಿನ ಕಾನೂನು. ತಿಳಿಸಿರಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಒಬ್ಬ ಫೆಡರಲ್ ನ್ಯಾಯಾಧೀಶೆ ಇದು ಕಾನೂನಿಗೆ ವಿರುದ್ಧ ಎಂದರು. ಆದರೆ ವಾಪಸ್ ಹುದ್ದೆಗೆ ಕೂರಿಸಲಿಲ್ಲ. ಉಕ್ರೇನಿಗೆ ಕೊಡುವುದು ತಪ್ಪೋ ಸರಿಯೋ, ಅದು ಬೇರೆ ಜಗಳ. ಎಣಿಸುವವನನ್ನು ಒಂದು ರಾತ್ರಿಯಲ್ಲಿ ಮನೆಗೆ ಕಳಿಸಬಹುದು ಅಂದರೆ ಮುಂದೆ ಬರುವವನು ಪೆನ್ನು ಎತ್ತುವ ಮೊದಲು ಯಾರ ಮುಖ ನೋಡುತ್ತಾನೆ?

ನಮ್ಮ ಸಂವಿಧಾನ ಇಲ್ಲಿ ಗಟ್ಟಿಯಾಗಿದೆ. 148ನೇ ವಿಧಿ. ಸಿಎಜಿ, ಅಂದರೆ ದೇಶದ ಮಹಾಲೇಖಪಾಲರನ್ನು ತೆಗೆಯಬೇಕು ಅಂದರೆ ಸುಪ್ರೀಂ ಕೋರ್ಟ್ ನ್ಯಾಯಾಧೀಶರನ್ನು ತೆಗೆಯುವ ಹಾಗೇ ಎರಡೂ ಸದನ ಒಪ್ಪಬೇಕು. ಹುದ್ದೆ ಬಿಟ್ಟ ಮೇಲೆ ಸರ್ಕಾರದ ಬೇರೆ ಹುದ್ದೆಗೆ ಹೋಗುವಂತಿಲ್ಲ. ಡಾ. ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಈ ಹುದ್ದೆ ಬಹುಶಃ ಇಡೀ ಸಂವಿಧಾನದಲ್ಲೇ ಅತಿ ಮುಖ್ಯವಾದದ್ದು ಎಂದಿದ್ದರು. ಸಿಎಜಿ ವರದಿ ನೋಡುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ 1967ರಿಂದ ವಿರೋಧ ಪಕ್ಷದವರೇ ಅಧ್ಯಕ್ಷರಾಗುವ ರೂಢಿ ಇದೆ.

ನಾವೇ ಪಡೆಯುವವರಾದಾಗಲೂ ಈ ಸಂಗತಿ ಬಂದಿದೆ. ಐಎನ್‌ಎಸ್ ಜಲಾಶ್ವ ಅಂತ ನಮ್ಮ ನೌಕಾಪಡೆಯ ದೊಡ್ಡ ಹಡಗು, 2007ರಲ್ಲಿ ಅಮೆರಿಕದಿಂದ ಕೊಂಡದ್ದು. ಅದಕ್ಕೆ ಅಮೆರಿಕ ಹಾಕಿದ ಷರತ್ತುಗಳನ್ನು ಸಿಎಜಿ 2008ರಲ್ಲಿ ಟೀಕಿಸಿತ್ತು. ಮರುವರ್ಷ ಜುಲೈನಲ್ಲಿ ಅಮೆರಿಕದ ಆಗಿನ ವಿದೇಶಾಂಗ ಮಂತ್ರಿ ಹಿಲರಿ ಕ್ಲಿಂಟನ್ ದಿಲ್ಲಿಗೆ ಬಂದಾಗ ಅಮೆರಿಕದ ಆಯುಧಗಳ ಬಳಕೆಯ ತಪಾಸಣೆ ಕುರಿತು ಒಪ್ಪಂದ ಆಯಿತು. ನಮ್ಮ ಕಡೆಯಿಂದ ವಿದೇಶಾಂಗ ಮಂತ್ರಿ ಆಗ ನಮ್ಮವರೇ, ಎಸ್.ಎಂ. ಕೃಷ್ಣ. ಸಂಸತ್ತಿನಲ್ಲಿ ದೊಡ್ಡ ಗಲಾಟೆ. "ಅವರು ನಮ್ಮ ಬಂದೂಕು ಎಣಿಸಲು ಬರುತ್ತಾರಾ?" ಅಂತ.

ಮಾಜಿ ಸುಬೇದಾರ್, ಹಾವೇರಿ

ಆ ಗಲಾಟೆಯಲ್ಲಿ ನಾನೂ ಸಿಟ್ಟಾಗಿದ್ದೆ. ಹೊರಗಿನವನು ನಮ್ಮ ಕೋತ್‌ಗೆ ಕಾಲಿಡುವುದು ಅಂದರೆ ಈಗಲೂ ಮೈ ಉರಿಯುತ್ತದೆ. ಕೊಂಡ ಮೇಲೆ ಅದು ನಮ್ಮದು.

ಇನ್ನೊಂದು ಮಾತು. ಎಲ್ಲವನ್ನೂ ಬಯಲಲ್ಲಿ ಇಡಲು ಆಗುವುದಿಲ್ಲ. ನಮ್ಮ ಹತ್ತಿರ ಯಾವ ಮದ್ದುಗುಂಡು ಎಷ್ಟು ದಿನಕ್ಕೆ ಸಾಕು ಅಂತ ವರದಿಯಲ್ಲಿ ಅಚ್ಚಾದರೆ ಮೊದಲು ಓದುವವನು ವೈರಿ.

ಸಪ್ತಾಪುರದ ಲಾ ವಿದ್ಯಾರ್ಥಿ, ಧಾರವಾಡ

ಸರ್, ಗುಟ್ಟು ಇರಬೇಕು, ಒಪ್ಪುತ್ತೇನೆ. 2019ರ ರಫೇಲ್ ಯುದ್ಧವಿಮಾನದ ವರದಿಯಲ್ಲಿ ಸಿಎಜಿ ಬೆಲೆಯ ಅಂಕಿಗಳನ್ನು ಮುಚ್ಚಿಯೇ ಅಚ್ಚು ಹಾಕಿತು. ಓದುವವರಿಗೆ ಮುಚ್ಚಿದರೂ ಆಡಿಟರ್ ಕಣ್ಣಿಗೆ ಎಲ್ಲಾ ಕಾಣಬೇಕು. ಬೇಕಾದರೆ ಬಾಗಿಲು ಹಾಕಿಕೊಂಡು ನೋಡಲಿ. ನಾನು ಹೆದರುವುದು ಆಡಿಟರಿಗೂ ತೋರಿಸಲ್ಲ ಅನ್ನುವ ಗುಟ್ಟಿಗೆ.

ಮಾಜಿ ಸುಬೇದಾರ್, ಹಾವೇರಿ

ಅಷ್ಟಾದರೆ ನನ್ನ ತಕರಾರಿಲ್ಲ ತಮ್ಮಾ. ಹೊರಗಿನವರ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಬದಲಾಗಿಲ್ಲ.

ನವಲಗುಂದದ ರೈತ

ಎಲ್ಲಾ ಓದಿದೆ. ನಮಗೇನು ಅಂತ ಕೇಳಿದ್ದೆ, ಆ ಮಾತು ವಾಪಸ್ ತಗೊಂಡೆ. ಈಗ ನನ್ನದೊಂದು ಪ್ರಶ್ನೆ. ನಾವೂ ಬೇರೆ ದೇಶಗಳಿಗೆ ಆಯುಧ ಕೊಡುತ್ತೇವಾ? ಅದರ ಲೆಕ್ಕ ಯಾರು ನೋಡುತ್ತಾರೆ?

ಬೆಟಗೇರಿ ಓದುಗ

ಕೊಡುತ್ತೇವೆ ಅಣ್ಣಾ, ಈಗ ಜಾಸ್ತಿಯೇ. 2023ರ ಜುಲೈನಲ್ಲಿ ಐಎನ್‌ಎಸ್ ಕೃಪಾಣ್ ಯುದ್ಧನೌಕೆಯನ್ನು ವಿಯೆಟ್ನಾಂಗೆ ಉಡುಗೊರೆಯಾಗಿ ಕೊಟ್ಟೆವು. 32 ವರ್ಷ ನಮ್ಮ ಸೇವೆಯಲ್ಲಿದ್ದ ಹಡಗು, ಕೊಡುವಾಗಲೂ ಪೂರ್ತಿ ಕೆಲಸ ಮಾಡುತ್ತಿತ್ತು. ಅದಕ್ಕೂ ಮೊದಲು ಅವರಿಗೇ 10 ಕೋಟಿ ಡಾಲರ್ ಸಾಲದಲ್ಲಿ 12 ವೇಗದ ಗಸ್ತು ದೋಣಿ. ಮಾಲ್ಡೀವ್ಸ್‌ಗೆ ಧ್ರುವ ಹೆಲಿಕಾಪ್ಟರ್, ಡಾರ್ನಿಯರ್ ವಿಮಾನ. ಅಫ್ಘಾನಿಸ್ತಾನಕ್ಕೆ 2015ರ ಸುಮಾರಿಗೆ ಎಂಐ-25 ಹೆಲಿಕಾಪ್ಟರ್. 2021ರಲ್ಲಿ ಮಾಲ್ಡೀವ್ಸ್‌ಗೆ 5 ಕೋಟಿ, ಮಾರಿಷಸ್‌ಗೆ 10 ಕೋಟಿ ಡಾಲರ್ ರಕ್ಷಣಾ ಸಾಲ. ಸಾಲವೆಲ್ಲ ನಮ್ಮ ಸರ್ಕಾರದ ರಫ್ತು-ಆಮದು ಬ್ಯಾಂಕು, ಎಕ್ಸಿಮ್ ಬ್ಯಾಂಕಿನ ಮೂಲಕ ಹೋಗುತ್ತದೆ.

ಅಫ್ಘಾನಿಸ್ತಾನದಲ್ಲಿ ಸರ್ಕಾರ ಬಿದ್ದಾಗ ನಾವು ಕೊಟ್ಟ ಹೆಲಿಕಾಪ್ಟರಿನ ಬಗ್ಗೆ ನಮ್ಮ ಊರಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕಿರ್ದಿ ಖತಾವಣಿ, ಗದಗ

ಇಷ್ಟೆಲ್ಲ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಕೈ ಮುಗಿಯುತ್ತೇನೆ.

ಬೆಟಗೇರಿಯವರ ಕೊನೆ ಮಾತು ಹಿಡಿದು ಒಂದು ಕೆಲಸ ಮಾಡೋಣ. ನಮ್ಮ ಭಾಗದ ಸಂಸದರಿಗೆ ಕಾಗದ ಬರೆಯೋಣ. ಗುಟ್ಟು ಕೇಳುವುದು ಬೇಡ, ಸುಬೇದಾರ್ ಸಾಹೇಬರ ಮಾತು ನೆನಪಿದೆ. ಕೇಳಬೇಕಾದದ್ದು ಇಷ್ಟೇ: ಕೊಟ್ಟ ಹಡಗು, ವಿಮಾನ, ದೋಣಿ ಈಗ ಯಾವ ಸ್ಥಿತಿಯಲ್ಲಿವೆ ಅಂತ ನಮ್ಮವರು ಹೋಗಿ ನೋಡುತ್ತಾರಾ? ಎಷ್ಟು ವರ್ಷಕ್ಕೊಮ್ಮೆ? ಸಾಲದಲ್ಲಿ ಎಷ್ಟು ವಾಪಸ್ ಬಂದಿದೆ? ಸಂಸದರು ಇದನ್ನು ಲಿಖಿತ ಪ್ರಶ್ನೆಯಾಗಿ ಕೇಳಬಹುದು, ಉತ್ತರ ಸದನದ ದಾಖಲೆಯಲ್ಲಿ ಉಳಿಯುತ್ತದೆ. ಕಾಗದದ ಭಾಷೆ ಲಾ ವಿದ್ಯಾರ್ಥಿ ನೋಡಿಕೊಡಲಿ. ಸಾಲದ ಪ್ರಶ್ನೆ ಸಿಎ ತಂಗಿ ಬರೆಯಲಿ.

ನನ್ನ ಊರು ಕಣಗಿನಹಾಳದ ಪಕ್ಕ. 1905ರಲ್ಲಿ ಅಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಶುರುವಾಯಿತು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು. ಹತ್ತು ಜನರ ದುಡ್ಡು ಒಂದು ಪೆಟ್ಟಿಗೆಯಲ್ಲಿ ಇಟ್ಟ ದಿನವೇ ವಹಿಯನ್ನೂ ಇಟ್ಟರು. ಚಿಕ್ಕವನಿದ್ದಾಗ ಅಲ್ಲಿಗೆ ಹೋಗಿ ಹಳೇ ವಹಿಗಳನ್ನು ನೋಡಿಯೇ ನನಗೆ ಈ ಕೆಲಸದ ಹುಚ್ಚು ಹಿಡಿದದ್ದು.

ಅಕ್ಕನ ಮಗನಿಗೆ ಇವತ್ತು ಬೆಳಿಗ್ಗೆ ಎಲ್ಲಾ ಬಿಡಿಸಿ ಹೇಳಿದೆ. ಸುಮ್ಮನೆ ಕೇಳಿದ. ಗ್ರೂಪಿನಲ್ಲಿ ಹಾಕಿದ್ದನ್ನು ಅಳಿಸಿದ. ಆಮೇಲೆ ಅವನು ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು: "ಮಾಮಾ, 59 ಎಣಿಸಿಲ್ಲ ಸರಿ. ಉಳಿದ 41 ಅಂಥ ಯುದ್ಧದಲ್ಲಿ ಯಾರು ಎಣಿಸಿದರು?"

ಕೀವ್‌ನಲ್ಲಿ ಅಮೆರಿಕದ ದೂತಾವಾಸದ ಒಂದು ಚಿಕ್ಕ ಕಚೇರಿ ಎಣಿಸಿತು. ಅವರು ಹೋಗಲಾಗದ ಕಡೆ ಉಕ್ರೇನ್ ಸೈನಿಕರ ಕೈಗೆ ಬಾರ್‌ಕೋಡ್ ಸ್ಕ್ಯಾನರ್ ಕೊಟ್ಟರು, ನಮ್ಮ ಕಿರಾಣಿ ಅಂಗಡಿಯಲ್ಲಿ ಬಿಲ್ಲು ಮಾಡಲು ಇಡುತ್ತಾರಲ್ಲ, ಅಂಥದ್ದು. ಅವರು ಸ್ಕ್ಯಾನ್ ಮಾಡಿ ನಂಬರ್ ಕಳಿಸಿದರು. ಹಾಗೆ ಕಳಿಸಿದ ಮೇಲೆ 2023ರ ಮೊದಲಾರ್ಧದಲ್ಲಿ ಬಾಕಿ ಇಳಿಯುತ್ತಾ ಬಂದಿತ್ತು ಅಂತಲೂ ಅದೇ ವರದಿಯಲ್ಲಿದೆ. ಸಂಜೆ ಅವನು ಮನೆಗೆ ಬರುತ್ತಾನೆ, ಆ ಪುಟ ತೆಗೆದಿಟ್ಟಿದ್ದೇನೆ.

ಮಾಜಿ ಸುಬೇದಾರ್, ಹಾವೇರಿ

ಕಾಗದಕ್ಕೆ ನನ್ನ ಸಹಿಯೂ ಹಾಕಿಕೊಳ್ಳಿ. ಹುಡುಗನಿಗೆ ನನ್ನ ಖೋಕಾದ ಕತೆಯನ್ನೂ ಹೇಳಿ.